ಕೊರೊನಾದಲ್ಲಿ ಹೋದ ಕೆಲಸ ವಾಪಸ್ ಬಂತು ಅಂತಾರೆ. ಯಾರಿಗೆ ಬಂತು, ಯಾವ ಕೆಲಸ ಬಂತು?

ಮದ್ದೂರಿನ ಹುಡುಗ

ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಬಾಡೂಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಕೊರೊನಾ ಕಾಲದ ಮಾತು ಬಂತು. "ಆಗ ಎಲ್ಲರಿಗೂ ಕಷ್ಟ ಆಯಿತು ಬಿಡಿ, ಆಮೇಲೆ ಎಲ್ಲಾ ಸರಿಹೋಯಿತಲ್ಲ" ಅಂದೆ. ಎಲೆ ಎತ್ತುತ್ತಿದ್ದ ಅಕ್ಕ ತಿರುಗಿ ನೋಡಿ, "ನಿನಗೆ ಸರಿಹೋಯಿತು" ಅಂದಳು. ಅಷ್ಟೇ. ಜಗಳ ಏನೂ ಆಗಲಿಲ್ಲ. ಆದರೆ ಬಸ್ಸಿನಲ್ಲಿ ಬೆಂಗಳೂರು ತಲುಪುವವರೆಗೂ ತಲೆಯಲ್ಲಿ ಅದೇ ಮಾತು.

ನಮ್ಮದು ಒಂದೇ ಮನೆ, ದುಡಿಯುವ ಕೈ ನಾಲ್ಕು ಜನರದ್ದು. ಲೆಕ್ಕ ಹಾಕಿ ನೋಡಿದೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದೆ. ಸಂಬಳ ಒಂದು ರೂಪಾಯಿ ಕಡಿತ ಆಗಲಿಲ್ಲ. ಪಿಜಿ ಬಾಡಿಗೆ, ಹೋಟೆಲ್ ಊಟದ ದುಡ್ಡು ಉಳಿಯಿತು. 2021ರ ಕೊನೆಯಲ್ಲಿ ಕಂಪನಿ ಬದಲಾಯಿಸಿದೆ, ಸಂಬಳ ಜಾಸ್ತಿ ಆಯಿತು.

ಅಕ್ಕ ಬೆಂಗಳೂರಿನ ಲಗ್ಗೆರೆಯಲ್ಲಿ ಇರುವುದು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಲಾಕ್‌ಡೌನ್ ಮುಗಿದು ಫ್ಯಾಕ್ಟರಿ ತೆಗೆದ ಮೇಲೆ, ಜೂನ್‌ನಲ್ಲಿ, ಆರ್ಡರ್ ಇಲ್ಲ ಅಂತ ಇವಳ ಲೈನ್ ಪೂರ್ತಿ ಕರೆದು ಲೆಕ್ಕ ಚುಕ್ತಾ ಮಾಡಿದರು. ಏಳೆಂಟು ತಿಂಗಳು ಮನೆಯಲ್ಲೇ ಇದ್ದಳು. ಈಗ ಬೇರೆ ಫ್ಯಾಕ್ಟರಿ.

ಭಾವ ಆಟೋ ಓಡಿಸುತ್ತಾರೆ. ಆಟೋ ಸಾಲದ್ದು.

ಅಮ್ಮ ಊರಿನಲ್ಲಿ. ಮೊದಲೆಲ್ಲ ನಾಟಿ, ಕಳೆ ಅಂತ ಕೂಲಿಗೆ ಹೋಗುತ್ತಿದ್ದವಳು 2020ರಲ್ಲಿ ಮೊದಲ ಸಲ ನರೇಗಾದಲ್ಲಿ ಕೆರೆ ಹೂಳೆತ್ತಲು ಹೋದಳು. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 275 ಇತ್ತು.

ನಾಲ್ಕೂ ಜನರಿಗೆ ಬಂದದ್ದು ಅದೇ ರೋಗ, ಅದೇ ಲಾಕ್‌ಡೌನ್, ಟಿವಿಯಲ್ಲಿ ಅದೇ ರಾತ್ರಿ 8 ಗಂಟೆಯ ಭಾಷಣ. ನಿಮ್ಮ ಮನೆಗಳಲ್ಲಿ ಹೇಗಾಯಿತು? ಯಾರ ಕೆಲಸ ಹೋಯಿತು, ಯಾರದ್ದು ಉಳಿಯಿತು, ವಾಪಸ್ ಬಂದವರು ಅದೇ ಕೆಲಸಕ್ಕೆ ಅದೇ ಸಂಬಳಕ್ಕೆ ಬಂದರಾ? ಸುಮ್ನೆ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು

ನಿಮ್ಮ ಅಕ್ಕನ ಎರಡು ಪದಕ್ಕೆ ಅಂಕಿ ಬೇಕಾದರೆ ಇದೆ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಮೇನಲ್ಲಿ ದೇಶದ ದುಡಿಮೆಯ ಬಗ್ಗೆ ಒಂದು ವರದಿ ತಂದರು. ಅದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಒಟ್ಟು ಎಷ್ಟು ಜನ ಕೆಲಸದಲ್ಲಿದ್ದಾರೆ ಅಂತ ಎಣಿಸಿ ಬಿಡಲಿಲ್ಲ. ಅದದೇ ಜನ ಲಾಕ್‌ಡೌನ್‌ಗೆ ಮುಂಚೆ ಏನಾಗಿದ್ದರು, ಆಗ ಏನಾದರು, 2020ರ ಕೊನೆಗೆ ಎಲ್ಲಿದ್ದರು ಅಂತ ನೋಡಿದರು. ಗಂಡಸರಲ್ಲಿ 100ಕ್ಕೆ 61 ಜನರ ಕೆಲಸಕ್ಕೆ ಏನೂ ಆಗಲಿಲ್ಲ. ಕೆಲಸ ಹೋಗಿ ವರ್ಷದ ಕೊನೆಗೂ ವಾಪಸ್ ಬಾರದವರು 7. ಹೆಂಗಸರಲ್ಲಿ ಕೆಲಸ ಉಳಿಸಿಕೊಂಡವರು 19. ವಾಪಸ್ ಬಾರದವರು 47.

ವಯಸ್ಸಿನ ಲೆಕ್ಕವೂ ಇದೆ. 15ರಿಂದ 24ರ ಒಳಗಿನವರಲ್ಲಿ ಮೂರಕ್ಕೆ ಒಬ್ಬರು ಡಿಸೆಂಬರ್ ಬಂದರೂ ಕೆಲಸಕ್ಕೆ ಮರಳಿರಲಿಲ್ಲ. 25ರಿಂದ 44ರವರಲ್ಲಿ ಅದು 100ಕ್ಕೆ 6 ಮಾತ್ರ.

ಇನ್ನೊಂದು. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದ್ದ ಸಂಬಳದ ಕೆಲಸದವರಲ್ಲಿ ಹತ್ತಿರಹತ್ತಿರ ಅರ್ಧ ಜನ 2020ರ ಕೊನೆಗೆ ಅಂಥ ಕೆಲಸದಲ್ಲಿ ಇರಲಿಲ್ಲ. ಸ್ವಂತ ಏನೋ ವ್ಯಾಪಾರ, ದಿನಗೂಲಿ, ಇಲ್ಲವೇ ಯಾವ ಭದ್ರತೆಯೂ ಇಲ್ಲದ ಸಂಬಳ. ಇವರನ್ನೆಲ್ಲ ಪಟ್ಟಿಯಲ್ಲಿ "ಕೆಲಸದಲ್ಲಿದ್ದಾರೆ" ಅಂತಲೇ ಬರೆದುಕೊಳ್ಳುತ್ತಾರೆ. ನಿಮ್ಮ ಪ್ರಶ್ನೆಯಲ್ಲಿ "ಯಾವ ಕೆಲಸ ಬಂತು" ಅನ್ನುವ ಭಾಗ ಇದೆಯಲ್ಲ, ಅದೇ ಮುಖ್ಯ.

ಪೀಣ್ಯ ಲೇತ್

ನಾನು ಉಲ್ಟಾ ಹೇಳುತ್ತೇನೆ, ಬೈಯಬೇಡಿ. ಗಂಡು ಹೆಣ್ಣು, ಜಾತಿ ಅಂತ ಯಾಕೆ ಭಾಗ ಮಾಡಬೇಕು? ಶೆಡ್ ಬಾಗಿಲು ಹಾಕಿದಾಗ ಎಲ್ಲರಿಗೂ ಹಾಕಿತು.

ನನ್ನದು ಒಂಬತ್ತು ಜನರ ಸಣ್ಣ ವರ್ಕ್‌ಶಾಪ್. ಮಾರ್ಚ್ ಸಂಬಳ ಪೂರ್ತಿ ಕೊಟ್ಟೆ. ಏಪ್ರಿಲ್‌ಗೆ ಅರ್ಧ. ಮೇನಲ್ಲಿ ಕೈಯಲ್ಲಿ ಏನೂ ಇರಲಿಲ್ಲ. ಮಾರ್ಚ್ 29ಕ್ಕೆ ದಿಲ್ಲಿಯಿಂದ ಆದೇಶ ಬಂತು, ಬಾಗಿಲು ಹಾಕಿದ್ದರೂ ಪೂರ್ತಿ ಸಂಬಳ ಕೊಡಬೇಕು ಅಂತ. ಎಲ್ಲಿಂದ ಕೊಡಲಿ? ಮೇ ಮಧ್ಯದಲ್ಲಿ ಅದನ್ನು ಅವರೇ ವಾಪಸ್ ತೆಗೆದುಕೊಂಡರು. ಜೂನ್ 12ಕ್ಕೆ ಸುಪ್ರೀಂ ಕೋರ್ಟ್, ಮಾಲೀಕರೂ ಕಾರ್ಮಿಕರೂ ಮಾತಾಡಿ ಬಗೆಹರಿಸಿಕೊಳ್ಳಿ ಅಂದಿತು. ಮಾತಾಡಲು ಹುಡುಗರು ಎಲ್ಲಿದ್ದರು? ಐದು ಜನ ಒಡಿಶಾ, ಬಿಹಾರದ ಕಡೆ ಹೋಗಿಬಿಟ್ಟಿದ್ದರು.

ಸರ್ಕಾರದ ತುರ್ತು ಸಾಲದ ಸ್ಕೀಮ್ ಬಗ್ಗೆಯೂ ಹೇಳಿಬಿಡುತ್ತೇನೆ. 2020ರ ಫೆಬ್ರವರಿ 29ಕ್ಕೆ ನಿಮ್ಮ ಮೇಲೆ ಎಷ್ಟು ಸಾಲ ಬಾಕಿ ಇತ್ತೋ ಅದರ 100ಕ್ಕೆ 20 ಭಾಗ ಹೊಸ ಸಾಲ. ಸಾಲ ಮಾಡದೆ ಮರ್ಯಾದೆಯಾಗಿ ಬದುಕಿದ್ದವನಿಗೆ ಸೊನ್ನೆಯ 20 ಭಾಗ!

ಟೈಲರ್ ಕಮ್ ಹೆಲ್ಪರ್

ಪೀಣ್ಯದ ಅಣ್ಣ, ನಿಮ್ಮ ಕಷ್ಟ ಸುಳ್ಳು ಅನ್ನುವುದಿಲ್ಲ. ಆದರೆ ಬಾಗಿಲು ಎಲ್ಲರಿಗೂ ಒಂದೇ ಥರ ಮುಚ್ಚಿತು, ತೆಗೆಯುವಾಗ ಮಾತ್ರ ಒಂದೇ ಥರ ತೆಗೆಯಲಿಲ್ಲ.

ನಾನು ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಇದ್ದೆ. ಸೇರಿದ್ದು 2016ರ ಫೆಬ್ರವರಿ. 2020ರ ಜೂನ್‌ನಲ್ಲಿ ಎಚ್‌ಆರ್ ಅವರು ಹತ್ತು ಹತ್ತು ಜನರನ್ನು ಕರೆದು, ಬೇರೆ ಊರಿನ ಯೂನಿಟ್‌ಗೆ ಹೋಗಿ, ಆಗದಿದ್ದರೆ ರಾಜೀನಾಮೆ ಬರೆದುಕೊಡಿ ಅಂದರು. ಆ ಊರಿಗೆ ಹೋಗಿ ಬರಲು ದಿನಕ್ಕೆ ಐದು ಗಂಟೆ. ಮನೆಯಲ್ಲಿ ಎರಡನೇ ಕ್ಲಾಸಿನ ಮಗ, ಸ್ಕೂಲಿಲ್ಲ. ಯಾರು ಹೋಗುತ್ತಾರೆ? ಬರೆದುಕೊಟ್ಟೆವು. ಆಮೇಲೆ ಯೂನಿಯನ್‌ನವರು ಹೇಳಿದ ಮೇಲೆ ಗೊತ್ತಾಯಿತು. ಆಗಿನ ಕಾನೂನಿನ ಪ್ರಕಾರ 100 ಜನ ಅಥವಾ ಜಾಸ್ತಿ ಇರುವ ಫ್ಯಾಕ್ಟರಿ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಂತೆ, ಪರಿಹಾರವೂ ಕೊಡಬೇಕಂತೆ. ನಾವೇ ರಾಜೀನಾಮೆ ಕೊಟ್ಟರೆ ಅದು ಯಾವುದೂ ಬೇಡ. ಅದಕ್ಕೇ ಅಷ್ಟು ಪ್ರೀತಿಯಿಂದ ಪೆನ್ನು ಕೊಟ್ಟಿದ್ದು.

ಅದೇ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಗಾರ್ಮೆಂಟ್ಸ್ ಮುಚ್ಚಿ ಸಾವಿರಕ್ಕೂ ಜಾಸ್ತಿ ಜನರನ್ನು ಹೊರಗೆ ಹಾಕಿದರು. ಅಲ್ಲಿನ ಹೆಂಗಸರು ವಾರಗಟ್ಟಲೆ ಗೇಟಿನ ಮುಂದೆ ಕೂತರು. ನಮಗೆ ಆ ಧೈರ್ಯ ಬರಲಿಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು, ಸಿಗಲು ಒಂದೇ ಕಡೆ 5 ವರ್ಷ ಬಿಡದೆ ಕೆಲಸ ಮಾಡಿರಬೇಕು. ನನಗೆ 4 ವರ್ಷ 4 ತಿಂಗಳು ಆಗಿತ್ತು. ಸಂಬಳ 9 ಸಾವಿರದ ಹತ್ತಿರ. 5 ವರ್ಷ ತುಂಬಿದ್ದರೆ ಸುಮಾರು 26 ಸಾವಿರ ಬರುತ್ತಿತ್ತು. 2021ರಲ್ಲಿ ಇನ್ನೊಂದು ಫ್ಯಾಕ್ಟರಿಗೆ ಸೇರಿದೆ. ಕಾಲರ್ ಕೂರಿಸುವ ಕೈ ನನ್ನದು, ಎಂಟು ವರ್ಷದ ಅನುಭವ. ಹೆಲ್ಪರ್ ಅಂತ ತೆಗೆದುಕೊಂಡರು. ಆರು ತಿಂಗಳಾದ ಮೇಲೆ ಮಷಿನ್ ಕೊಟ್ಟರು. ಗ್ರಾಚ್ಯುಟಿ ಲೆಕ್ಕ ಒಂದರಿಂದ ಶುರು.

ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ನಾನು "ವಾಪಸ್ ಬಂದವಳು" ಅಲ್ವಾ?

ಲೆಕ್ಕದ ಮೇಷ್ಟ್ರು

ಹೌದು ಮೇಡಂ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಸರಿ ಗುರುತು ಬೀಳುತ್ತದೆ.

ಸಂಜೆ ಪೇಪರ್

417 ರೂಪಾಯಿ ವಿಷಯ ಯಾರೂ ಎತ್ತಲೇ ಇಲ್ಲವಲ್ಲ. ಕನಿಷ್ಠ ವೇತನದ ಜೊತೆ ಪ್ರತಿ ಏಪ್ರಿಲ್‌ಗೆ ಬೆಲೆ ಏರಿಕೆ ನೋಡಿಕೊಂಡು ಡಿಎ (ತುಟ್ಟಿಭತ್ಯೆ) ಏರಿಸುತ್ತಾರೆ. 2020ರ ಏಪ್ರಿಲ್‌ನಿಂದ ಬರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. ಜುಲೈನಲ್ಲಿ ಸರ್ಕಾರ ಆದೇಶ ಹೊರಡಿಸಿ ಅದನ್ನು 2021ರ ಮಾರ್ಚ್ 31ರವರೆಗೆ ಮುಂದಕ್ಕೆ ಹಾಕಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಎಷ್ಟೋ ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಂದ ಮೇಲೆ 2022ರಲ್ಲಿ ಬಾಕಿ ಕೊಡಲು ಒಪ್ಪಿದರು. ನಾಲ್ಕು ಲಕ್ಷಕ್ಕೂ ಜಾಸ್ತಿ ಕಾರ್ಮಿಕರ ದುಡ್ಡು ಅದು. ಒಬ್ಬರಿಗೆ ವರ್ಷಕ್ಕೆ 5 ಸಾವಿರ ಅಂದರೆ ನಮಗೆ ಒಂದು ಶೂ. ಅವರಿಗೆ ಅರ್ಧ ತಿಂಗಳ ಸಂಬಳ.

ಇದರ ಜೊತೆಗೇ 2020ರ ಮೇನಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಅಂತಲೂ ರಾಜ್ಯ ಸರ್ಕಾರ ಆದೇಶ ಮಾಡಿತ್ತು. ಕೋರ್ಟಿಗೆ ಹೋದ ಮೇಲೆ ಜೂನ್ 11ಕ್ಕೆ ವಾಪಸ್ ತೆಗೆದುಕೊಂಡರು.

ಟೈಲರ್ ಕಮ್ ಹೆಲ್ಪರ್

ಬಾಕಿ ಕೊಟ್ಟರು ನಿಜ. ಕೆಲಸ ಬಿಟ್ಟವರು ಹಳೇ ಗೇಟಿನ ಹತ್ತಿರ ಹೋಗಿ ಕೇಳಬೇಕಿತ್ತು. ನಾನು ಹೋಗಲಿಲ್ಲ. ಒಂದು ದಿನ ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ ಹೋಗುತ್ತದೆ.

ಕುಂದಾಪ್ರ ಪ್ಯಾಸೆಂಜರ್

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ ಮಾರಾಯ್ರೆ. ನಮ್ಮ ಅಪ್ಪಯ್ಯ ಮುಂಬೈಯಲ್ಲಿ ಹೋಟೆಲ್ ಸಪ್ಲೈಯರ್. ಮೂವತ್ತು ವರ್ಷ ಅಲ್ಲೇ. 2020ರ ಮೇನಲ್ಲಿ ಬಸ್ ಹಿಡಿದು ಊರಿಗೆ ಬಂದು 14 ದಿನ ಹಾಸ್ಟೆಲ್ ಕ್ವಾರಂಟೈನ್. ಸ್ವಲ್ಪ ತಡ ಆಗಿದ್ದರೆ ಅದೂ ಇಲ್ಲ, ಮೇ 18ಕ್ಕೆ ಮಹಾರಾಷ್ಟ್ರದಿಂದ ಬರುವವರಿಗೆ ಗಡಿಯನ್ನೇ ಬಂದ್ ಮಾಡಿದರು. ಉಡುಪಿ, ಮಂಡ್ಯದ ಕೆ.ಆರ್. ಪೇಟೆ ಕಡೆ ಮುಂಬೈಯಿಂದ ಬಂದವರನ್ನು ಆಗ ಹೇಗೆ ನೋಡುತ್ತಿದ್ದರು ಅಂತ ನೆನಪಿದೆಯಾ? ರೋಗ ತಂದವರು ಅಂತ. ವರ್ಷವಿಡೀ ಮನಿಯಾರ್ಡರ್ ಕಳಿಸುವಾಗ ಯಾರೂ ಹಾಗೆ ನೋಡಿರಲಿಲ್ಲ.

ವರ್ಷ ಬಿಟ್ಟು ವಾಪಸ್ ಹೋದಾಗ ಹೋಟೆಲ್ ಇತ್ತು, ಮಾಲೀಕರೂ ಒಳ್ಳೆಯವರೇ. ಆದರೆ ಟೇಬಲ್ ಕಡಿಮೆ, ಗಿರಾಕಿ ಎಲ್ಲ ಪಾರ್ಸೆಲ್. ಸಪ್ಲೈಯರ್‌ಗೆ ಸಂಬಳಕ್ಕಿಂತ ಟಿಪ್ಸ್ ಮುಖ್ಯ ಅಲ್ವಾ. ಪಾರ್ಸೆಲ್‌ಗೆ ಯಾರು ಟಿಪ್ಸ್ ಕೊಡುತ್ತಾರೆ? 52 ವಯಸ್ಸು. ಆರು ತಿಂಗಳು ನೋಡಿ ಬಂದುಬಿಟ್ಟರು. ಈಗ ಊರಿನ ದೇವಸ್ಥಾನದ ಊಟದ ಛತ್ರದಲ್ಲಿ ಬಡಿಸುತ್ತಾರೆ.

ಬಿ.ಎ. ಬಿ.ಎಡ್.

ಖಾಸಗಿ ಶಾಲೆ ಟೀಚರ್‌ಗಳ ಕಥೆ ಯಾರಿಗೂ ಬೇಡ. ತಿಂಗಳಿಗೆ 11 ಸಾವಿರ ಇತ್ತು. 2020ರ ಜೂನ್‌ನಿಂದ ಅರ್ಧ, ಸೆಪ್ಟೆಂಬರ್‌ನಿಂದ ಆನ್‌ಲೈನ್ ಕ್ಲಾಸ್ ಮಾಡಿದವರಿಗೆ ಮಾತ್ರ ತಲೆಗೆ ಇಷ್ಟು ಅಂತ. ಪೋಷಕರು ಫೀಸ್ ಕಟ್ಟಿಲ್ಲ ಅಂತ ಆಡಳಿತ ಮಂಡಳಿ, ಕ್ಲಾಸೇ ಇಲ್ಲ ಫೀಸ್ ಯಾಕೆ ಅಂತ ಪೋಷಕರು. ಇಬ್ಬರ ನಡುವೆ ನಾವು. ಜೊತೆಗಿದ್ದ ಗಂಡಸು ಮೇಷ್ಟ್ರುಗಳಲ್ಲಿ ಒಬ್ಬರು ಇನ್ಶೂರೆನ್ಸ್ ಏಜೆಂಟ್ ಆದರು, ಇನ್ನೊಬ್ಬರು ಊರಲ್ಲಿ ಕೋಳಿ ಫಾರಂ ಹಾಕಿದರು. ನಾವು ಹೆಂಗಸರು ಮನೆಯಲ್ಲೇ ಟ್ಯೂಷನ್. ನೆರೆಯವರ ಮಕ್ಕಳ ಹತ್ತಿರ ಎಷ್ಟು ಅಂತ ಕೇಳುವುದು?

2021ರಲ್ಲಿ ರಾಜ್ಯ ಸರ್ಕಾರದ ಎರಡನೇ ಕೊರೊನಾ ಪರಿಹಾರ ಪ್ಯಾಕೇಜ್‌ನಲ್ಲಿ ಅನುದಾನವಿಲ್ಲದ ಶಾಲೆಯ ಶಿಕ್ಷಕರಿಗೆ 5 ಸಾವಿರ ಘೋಷಣೆ ಆಯಿತು. ಬಂತು, ಇಲ್ಲ ಅನ್ನುವುದಿಲ್ಲ. ಒಂದೇ ಸಲ.

ಇನ್ನೊಂದು ಮಾತು. ಮೇಷ್ಟ್ರು ಹೇಳಿದ ಆ 47ರ ಹಿಂದೆ ಏನಿದೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸ್ ಶುರು ಆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು ಸಣ್ಣ ಮಕ್ಕಳು ಮನೆಯಲ್ಲಿ. ಅಂಗನವಾಡಿ, ಎಲ್‌ಕೆಜಿ ಅದಾದ ಮೇಲೆ. ಗಾರ್ಮೆಂಟ್ಸ್ 2020ರಲ್ಲೇ ತೆಗೆದರು, ಮಾಲ್ ತೆಗೆದರು, ಬಾರ್ ತೆಗೆದರು. ಮಗುವನ್ನು ಎಲ್ಲಿ ಬಿಟ್ಟು ಹೋಗಬೇಕು? "ಕೆಲಸ ಇಲ್ಲ" ಅಂತ ಮನೆಯಲ್ಲಿ ಕೂತವರು ಎಷ್ಟೋ, "ಮಗು ಇದೆ" ಅಂತ ಕೂತವರು ಅಷ್ಟೇ ಇದ್ದಾರೆ.

ಪೀಣ್ಯ ಲೇತ್

ಇದು ನನಗೆ ಹೊಳೆದಿರಲಿಲ್ಲ ಮೇಡಂ. ನಮ್ಮಲ್ಲಿ ಪ್ಯಾಕಿಂಗ್‌ಗೆ ಇದ್ದ ಇಬ್ಬರೂ ಹೆಂಗಸರು. ಕರೆದೆ, ಬರಲಿಲ್ಲ. ಬೇರೆ ಕಡೆ ಜಾಸ್ತಿ ಕೊಟ್ಟಿರಬೇಕು ಅಂದುಕೊಂಡಿದ್ದೆ.

ಕಂಡಿಕೆ

ನಾವು ಗುಳೇದಗುಡ್ಡ ಕಡೆಯವರು ರೀ. ಮಗ್ಗದ ಮನೆತನ. ಮದುವೆ ಇದ್ದರೆ ಸೀರೆ, ಖಣ ಹೋಗುತ್ತದೆ. 50 ಜನರ ಮದುವೆಗೆ ಯಾರು ಖಣ ಕೊಳ್ಳುತ್ತಾರೆ? ಸಾಹುಕಾರರು ನೂಲು ಕೊಡುವುದು ನಿಲ್ಲಿಸಿದರು, ಕೂಲಿ ನಿಂತಿತು. ನೇಕಾರ ಸಮ್ಮಾನ್ ಅಂತ 2 ಸಾವಿರ ಬಂತು. ಅದು ಬಂದದ್ದು ಅಪ್ಪನ ಹೆಸರಿಗೆ. ಅವ್ವ ದಿನವಿಡೀ ಕಂಡಿಕೆ, ಅಂದರೆ ಮಗ್ಗದ ನೂಲಿನ ಉರುಳೆ, ಸುತ್ತುತ್ತಾಳೆ. ಅವಳ ಕೆಲಸಕ್ಕೆ ಯಾವ ಕಾರ್ಡೂ ಇಲ್ಲ.

ಮಗ್ಗ ಮತ್ತೆ ಶುರು ಆದಾಗ ಕೂಲಿ ಕಡಿಮೆ ಆಯಿತು ಅಂತ ಹಿಂದೆ ಆಳಿಗೆ ಕೊಡುತ್ತಿದ್ದ ಕೆಲಸವನ್ನೂ ತಂಗಿ ಮಾಡತೊಡಗಿದಳು. ಅವಳು ಮೊದಲು ಮೊಬೈಲ್ ಅಂಗಡಿಯಲ್ಲಿ 7 ಸಾವಿರಕ್ಕೆ ಇದ್ದಳು. ಅಂಗಡಿ ಮುಚ್ಚಿತು. ಈಗ ಮನೆಯಲ್ಲೇ ದುಡಿಯುತ್ತಾಳೆ, ಕೈಗೆ ಒಂದು ರೂಪಾಯಿ ಇಲ್ಲ.

ಲೆಕ್ಕದ ಮೇಷ್ಟ್ರು

ಕಂಡಿಕೆಯವರೇ, ನಿಮ್ಮ ತಂಗಿಯ ವಿಷಯದಲ್ಲಿ ಒಂದು ತಮಾಷೆ ಇದೆ. ತಮಾಷೆ ಅನ್ನಬಾರದು, ಆದರೂ.

ಕೇಂದ್ರದ ಕಾರ್ಮಿಕ ಸಮೀಕ್ಷೆಯಲ್ಲಿ ಮನೆಯ ಕಸುಬಿಗೆ ಕೈಜೋಡಿಸುವವರನ್ನು, ದುಡ್ಡು ಸಿಗದಿದ್ದರೂ, ಕೆಲಸದಲ್ಲಿರುವವರು ಅಂತ ಎಣಿಸುತ್ತಾರೆ. ಎಣಿಸಲೇಬೇಕು, ಅದು ಕೆಲಸವೇ. ಆದರೆ ಪರಿಣಾಮ ನೋಡಿ. 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿ ಇರುವವರು, ಕೆಲಸ ಹುಡುಕುವವರು ಸೇರಿ 2018-19ರಲ್ಲಿ 100ಕ್ಕೆ 24.5 ಇದ್ದರು. 2019-20ರಲ್ಲಿ 30. 2020-21ರಲ್ಲಿ 32.5. ಕೊರೊನಾದ ನಡುವೆ ಏರಿತು! ಟಿವಿಯಲ್ಲಿ ಇದನ್ನು ಸಾಧನೆ ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಎಲ್ಲಿ ಏರಿತು ಅಂತ ನೋಡಿದರೆ ಬೇಸಾಯ ಮತ್ತು ಮನೆಯ ಸ್ವಂತ ಕಸುಬು. ಗಂಡು ಹೆಣ್ಣು ಸೇರಿಸಿದರೂ ದುಡಿಯುವವರಲ್ಲಿ ಬೇಸಾಯದಲ್ಲಿ ಇರುವವರು 100ಕ್ಕೆ 42.5ರಿಂದ 46.5ಕ್ಕೆ ಏರಿದರು. ಹತ್ತಾರು ವರ್ಷಗಳಿಂದ ಜನ ಹೊಲ ಬಿಟ್ಟು ಹೊರಗೆ ಹೋಗುತ್ತಿದ್ದರು. ಆ ಚಕ್ರ ಹಿಂದಕ್ಕೆ ತಿರುಗಿತು.

ನಿಮ್ಮ ತಂಗಿಗೆ 7 ಸಾವಿರದ ಕೆಲಸ ಹೋಗಿ ಸೊನ್ನೆ ರೂಪಾಯಿಯ ಕೆಲಸ ಬಂತು. ಸರ್ಕಾರದ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ.

ಡಲ್ಲಾಸ್‌ನಿಂದ

ಇಲ್ಲಿ ಅಮೆರಿಕದಲ್ಲಿ ಇದಕ್ಕಿಂತ ವಿಚಿತ್ರ ಆಗಿತ್ತು. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಶೇಕಡಾ 14.7ಕ್ಕೆ ಹಾರಿತು. ಅದೇ ತಿಂಗಳು ಗಂಟೆಯ ಸರಾಸರಿ ಸಂಬಳ ಒಂದೇ ಏಟಿಗೆ 1 ಡಾಲರ್ 34 ಸೆಂಟ್ ಏರಿ 30 ಡಾಲರ್ ದಾಟಿತು. ನನ್ನ ಮ್ಯಾನೇಜರ್ ಕೂಡ ಏನಿದು ಅಂದಿದ್ದ. ಕಾರಣ ಸುಲಭ. ಹೋಟೆಲ್, ಅಂಗಡಿಯಲ್ಲಿ ಕಡಿಮೆ ಸಂಬಳಕ್ಕೆ ಇದ್ದವರು ಲಕ್ಷಗಟ್ಟಲೆ ಲೆಕ್ಕದಿಂದಲೇ ಹೊರಬಿದ್ದರು. ಉಳಿದವರು ನಮ್ಮಂಥವರು. ಯಾರಿಗೂ ಹೊಸದಾಗಿ ಒಂದು ಸೆಂಟ್ ಸಿಗದೆಯೇ ಸರಾಸರಿ ಏರಿತು.

ಆ ತಿಂಗಳು ಬಿಳಿಯರಲ್ಲಿ ನಿರುದ್ಯೋಗ 14.2, ಕರಿಯರಲ್ಲಿ 16.7, ಹಿಸ್ಪ್ಯಾನಿಕ್ ಜನರಲ್ಲಿ 18.9. ಹದಿಹರೆಯದವರಲ್ಲಿ 31.9. ಆದರೆ ಇಲ್ಲಿ ಕೆಲಸ ಹೋದವರಿಗೆ ರಾಜ್ಯದ ಭತ್ಯೆಯ ಮೇಲೆ ವಾರಕ್ಕೆ 600 ಡಾಲರ್ ಕೊಟ್ಟರು, ಜುಲೈ ಕೊನೆಯವರೆಗೆ. ಎಷ್ಟೋ ಜನರಿಗೆ ಅದು ಹಳೇ ಸಂಬಳಕ್ಕಿಂತ ಜಾಸ್ತಿ ಇತ್ತು.

ಮದ್ದೂರಿನ ಹುಡುಗ

ಸರ್, ಅದೇ ಲೆಕ್ಕ ನಮ್ಮ ಮನೆಗೂ ಹಾಕಿದೆ. ಅಕ್ಕ ಕೆಲಸ ಕಳೆದುಕೊಂಡ ತಿಂಗಳು ನಮ್ಮ ಮನೆಯಲ್ಲಿ "ಸಂಬಳದವರ ಸರಾಸರಿ ಸಂಬಳ" ಡಬಲ್‌ಗಿಂತ ಸ್ವಲ್ಪ ಕಡಿಮೆ ಏರಿತು. ಯಾಕಂದರೆ ಉಳಿದದ್ದು ನಾನೊಬ್ಬನೇ.

ಆಶ್ರಯ ಮನೆ

ಎಲ್ಲ ಓದಿದೆ. ಎಲ್ಲರೂ "ಊರಿಗೆ ಬಂದೆವು" ಅಂತ ಬರೆದಿದ್ದೀರಿ. ಊರಿಗೆ ಬಂದವರಿಗೆ ಊರಲ್ಲಿ ಏನಿತ್ತು ಅನ್ನುವುದು ದೊಡ್ಡ ಮಾತು. ನಮ್ಮ ಬೀದಿಯವರು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಲಾಕ್‌ಡೌನ್‌ನಲ್ಲಿ ನಡೆದುಕೊಂಡು, ಲಾರಿ ಹತ್ತಿಕೊಂಡು ರಾಯಚೂರು ಸೇರಿದರು. ಅದೇ ಸೈಟಿನ ಮೇಸ್ತ್ರಿಯೂ ಅವನ ಊರಿಗೆ ಹೋದ. ಅವನಿಗೆ ಆರು ಎಕರೆ ಇತ್ತು. ತೊಗರಿ ಹಾಕಿದ, ತಮ್ಮನ ಜೊತೆ ಗೊಬ್ಬರದ ಅಂಗಡಿ ಇಟ್ಟ. ನಮ್ಮವರಿಗೆ ಇದ್ದದ್ದು ಒಂದು ಆಶ್ರಯ ಮನೆ. ಅವನ ಹೊಲಕ್ಕೇ ಕೂಲಿಗೆ ಹೋದರು. ಎಲ್ಲರೂ ಒಟ್ಟಿಗೆ ಬಂದದ್ದಕ್ಕೆ ಆಳು ಜಾಸ್ತಿ, ಕೂಲಿ ಇಳಿಯಿತು.

ಜಾತಿ ಯಾಕೆ ಅಂತ ಪೀಣ್ಯದವರು ಕೇಳಿದ್ದರು. ಅಶ್ವಿನಿ ದೇಶಪಾಂಡೆ, ರಾಜೇಶ್ ರಾಮಚಂದ್ರನ್ ಅನ್ನುವ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. 2020ರ ಏಪ್ರಿಲ್‌ನಲ್ಲಿ ದಲಿತರ ಕೆಲಸ ಹೋದ ಪ್ರಮಾಣ ಮೇಲ್ಜಾತಿಯವರದ್ದಕ್ಕಿಂತ ಸುಮಾರು ಮೂರು ಪಟ್ಟು. ಜಾತಿ ನೋಡಿ ಯಾರೋ ಕೆಲಸದಿಂದ ತೆಗೆದರು ಅಂತ ಅಲ್ಲ. ಓದು ಕಡಿಮೆ, ಕೆಲಸ ದಿನಗೂಲಿ, ಕೈಯಲ್ಲಿ ಕರಾರುಪತ್ರ ಇಲ್ಲ. ಮೊದಲು ನಿಲ್ಲುವುದು ಅಂಥ ಕೆಲಸವೇ. ಮೇಷ್ಟ್ರು ಹೇಳಿದ ವರದಿಯಲ್ಲೂ ಇದೆ. ಸಂಬಳದ ಕೆಲಸ ಹೋದಾಗ ಮೇಲ್ಜಾತಿಯವರು ಸ್ವಂತ ವ್ಯಾಪಾರಕ್ಕೆ ಹೋದದ್ದು ಜಾಸ್ತಿ, ನಮ್ಮವರೂ ಮುಸ್ಲಿಮರೂ ದಿನಗೂಲಿಗೆ ಹೋದದ್ದು ಜಾಸ್ತಿ.

ಪೀಣ್ಯ ಲೇತ್

ಸರಿ ಗುರುಗಳೇ, ಒಪ್ಪಿದೆ. ನನಗೆ ಶೆಡ್ ಸ್ವಂತದ್ದು ಅನ್ನುವುದನ್ನು ನಾನು ಬರೆದಿರಲಿಲ್ಲ.

ರಾತ್ರಿ ಪಾಳಿ

ಆ ರೈಲಿನ ಕಥೆ ಮರೆತಿರಾ? 2020ರ ಮೇ 5ಕ್ಕೆ ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿ ಸಭೆ ಮಾಡಿದರು. ಅದರ ಬೆನ್ನಲ್ಲೇ ವಲಸೆ ಕಾರ್ಮಿಕರ ರೈಲು ಬೇಡ ಅಂತ ರೈಲ್ವೆಗೆ ಪತ್ರ ಹೋಯಿತು. ಕೆಲಸಕ್ಕೆ ಜನ ಬೇಕಲ್ಲ! ದೇಶವೆಲ್ಲಾ ಬೈದ ಮೇಲೆ ಎರಡು ದಿನದಲ್ಲಿ ವಾಪಸ್. ಸಂಬಳ ಕೊಡಲು ಆಗದು, ಬಿಟ್ಟು ಕಳಿಸಲೂ ಆಗದು.

ನಿರ್ವಾಹಕ

ಪಕ್ಷ, ನಾಯಕರ ಜಗಳ ಬೇಡ. ಮೇಲಿನದ್ದು ನಡೆದ ಸಂಗತಿ, ಹಾಗಾಗಿ ಉಳಿಸಿದ್ದೇನೆ. ಅದರ ಕೆಳಗೆ ಬಂದ ಹನ್ನೊಂದು ಉತ್ತರ ತೆಗೆದಿದ್ದೇನೆ.

2020 ಬ್ಯಾಚ್

ಹುಡುಗರ ಬಗ್ಗೆ ಒಂದೇ ಸಾಲು ಬಂತು. ನಾನು ಡಿಪ್ಲೊಮಾ ಮುಗಿಸಿದ್ದು ಆ ವರ್ಷ. ಕ್ಯಾಂಪಸ್‌ನಲ್ಲಿ ಆಗಿದ್ದ ಕೆಲಸ "ಮುಂದೂಡಲಾಗಿದೆ" ಅಂತ ಮೇಲ್ ಬಂತು. ಇವತ್ತಿಗೂ ಮುಂದೂಡಿಯೇ ಇದೆ, ಯಾರೂ ರದ್ದು ಮಾಡಿಲ್ಲ. ಫುಡ್ ಡೆಲಿವರಿ ಶುರು ಮಾಡಿದೆ. ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಕೆಲಸ ಹೋದವರೆಲ್ಲ ಅದಕ್ಕೇ ಬಂದರು, ಆರ್ಡರ್ ಹಂಚಿಹೋಯಿತು. 2021ರ ಜೂನ್‌ನಲ್ಲಿ ಬೆಂಗಳೂರಲ್ಲಿ ಪೆಟ್ರೋಲ್ ನೂರು ದಾಟಿತು, ಕಿಲೋಮೀಟರ್ ರೇಟ್ ಹಾಗೇ ಇತ್ತು.

ಸಾಫ್ಟ್‌ವೇರ್ ಅಣ್ಣಂದಿರು 2021-22ರಲ್ಲಿ ಕಂಪನಿ ಜಿಗಿದು ಜಿಗಿದು ಸಂಬಳ ಏರಿಸಿಕೊಂಡರು. ಇನ್ಫೋಸಿಸ್‌ನಲ್ಲೇ ಒಂದು ವರ್ಷದಲ್ಲಿ ನಾಲ್ಕರಲ್ಲಿ ಒಬ್ಬರು ಬಿಟ್ಟುಹೋಗುವಷ್ಟು ಬೇಡಿಕೆ. ನಮ್ಮ ಬ್ಯಾಚ್‌ನವರು ಹೋದರೆ "ಎರಡು ವರ್ಷ ಗ್ಯಾಪ್ ಯಾಕೆ" ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಬೇಕಾ!

ಬನಶಂಕರಿ ಎರಡನೇ ಹಂತ

ನಮ್ಮ ಮನೆ ಕೆಲಸದಾಕೆಗೆ ಏಪ್ರಿಲ್ ಸಂಬಳ ಕೊಟ್ಟೆ. ಮೇ ಕೊಟ್ಟೆ. ಜೂನ್‌ನಲ್ಲಿ ಅಪಾರ್ಟ್‌ಮೆಂಟ್‌ನವರು ಹೊರಗಿನವರನ್ನು ಬಿಡುವುದಿಲ್ಲ ಅಂದರು. ಅಷ್ಟರಲ್ಲಿ ನಾವೇ ಪಾತ್ರೆ ತೊಳೆದು ರೂಢಿ ಆಗಿತ್ತು. ಆಮೇಲೆ ಡಿಶ್‌ವಾಷರ್ ತಂದೆವು. ಒಳ್ಳೆಯವನು ಅನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆಕೆ ಈಗ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ.

ಸಂಜೆ ಪೇಪರ್

ಬೆಂಗಳೂರಿನ ಮನೆಗೆಲಸದವರ ಸಂಘಟನೆಗಳು ಆಗ 2,396 ಜನರನ್ನು ಕೇಳಿದ್ದವು. ಏಪ್ರಿಲ್ ಸಂಬಳ ಸಿಗದವರು 100ಕ್ಕೆ 91. 50 ವರ್ಷ ದಾಟಿದವರಲ್ಲಿ ಅರ್ಧ ಜನರ ಕೆಲಸವೇ ಹೋಗಿತ್ತು. ವಯಸ್ಸಾದವರಿಗೆ ರೋಗ ಬೇಗ ತಗಲುತ್ತದೆ, ಬರಬೇಡಿ ಅಂತ.

ಮದ್ದೂರಿನ ಹುಡುಗ

ಯಾರೋ ಇನ್‌ಬಾಕ್ಸ್‌ನಲ್ಲಿ ಭಾವನ ಕಥೆ ಕೇಳಿದ್ದರು. 2020ರ ಮೇನಲ್ಲಿ ಆಟೋ, ಟ್ಯಾಕ್ಸಿಯವರಿಗೆ 5 ಸಾವಿರ ಘೋಷಣೆ ಆಯಿತಲ್ಲ, ಸರ್ಕಾರದ ಸೇವಾಸಿಂಧು ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿಕೊಟ್ಟವನು ನಾನೇ. ಮೂರು ಸಲ ರಿಜೆಕ್ಟ್ ಆಗಿ ನಾಲ್ಕನೇ ಸಲ ಬಂತು. ಕ್ಷೌರಿಕರಿಗೆ, ಅಗಸರಿಗೂ ಅಷ್ಟೇ ಇತ್ತು. 2021ರಲ್ಲಿ ಅದು ಆಟೋದವರಿಗೆ 3 ಸಾವಿರ ಆಯಿತು. ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಬಿಡುವು ಕೊಟ್ಟಿತ್ತು, ಆದರೆ ಬಡ್ಡಿ ಓಡುತ್ತಲೇ ಇತ್ತು. ಸೆಪ್ಟೆಂಬರ್‌ನಿಂದ ಕಂತು ಶುರು, ರಸ್ತೆಯಲ್ಲಿ ಗಿರಾಕಿ ಇಲ್ಲ. ಹೇಗೋ ಸಂಭಾಳಿಸಿದರು ಅಂತ ಅಂದುಕೊಂಡಿದ್ದೆ.

ಪಿಎಫ್ ಸಹಾಯ

ನಾನು ಪಿಎಫ್ ಕನ್ಸಲ್ಟೆಂಟ್ ಹತ್ತಿರ ಕೆಲಸ ಮಾಡುತ್ತೇನೆ. ಟೈಲರ್ ಮೇಡಂ ಮತ್ತು ನಿಮ್ಮ ಅಕ್ಕ ಇಬ್ಬರಿಗೂ ಒಂದು ಉಪಯೋಗದ ಮಾತು. ಫ್ಯಾಕ್ಟರಿ ಬದಲಾದರೆ ಗ್ರಾಚ್ಯುಟಿ ಲೆಕ್ಕ ಹೊಸದಾಗಿ ಶುರು ಆಗುತ್ತದೆ ನಿಜ. ಆದರೆ ಪಿಎಫ್ ಜೊತೆಗಿರುವ ಪಿಂಚಣಿಗೆ ಹಾಗಲ್ಲ. ಒಟ್ಟು 10 ವರ್ಷ ಸರ್ವೀಸ್ ಆದರೆ 58ಕ್ಕೆ ತಿಂಗಳ ಪಿಂಚಣಿ ಸಿಗುತ್ತದೆ. ಬೇರೆ ಬೇರೆ ಫ್ಯಾಕ್ಟರಿಯದ್ದೂ ಸೇರುತ್ತದೆ. ಹಳೇ ಖಾತೆಯಿಂದ ದುಡ್ಡು ತೆಗೆಯದೆ ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿರಬೇಕು, ಅಷ್ಟೇ. ಪಿಂಚಣಿ ಭಾಗವನ್ನೂ ಸೇರಿಸಿ ಪೂರ್ತಿ ತೆಗೆದಿದ್ದರೆ ಆ ವರ್ಷಗಳು ಹೋದ ಹಾಗೆ. ಕೊರೊನಾ ಅಡ್ವಾನ್ಸ್ ಅಂತ ಸ್ವಲ್ಪ ತೆಗೆದಿದ್ದರೆ ತೊಂದರೆ ಇಲ್ಲ. ಪಾಸ್‌ಬುಕ್ ನೋಡಿ ಹೇಳಿ.

ಟೈಲರ್ ಕಮ್ ಹೆಲ್ಪರ್

ತೆಗೆದಿಲ್ಲ ಸರ್! ಆಧಾರ್‌ನಲ್ಲಿ ಹೆಸರು ತಪ್ಪಿತ್ತು ಅಂತ ಆಗ ಕೊಡಲೇ ಇಲ್ಲ. ಅಯ್ಯೋ, ಅವತ್ತು ಎಷ್ಟು ಅತ್ತಿದ್ದೆ. ಭಾನುವಾರ ನಿಮಗೆ ಮೆಸೇಜ್ ಮಾಡುತ್ತೇನೆ.

ಮದ್ದೂರಿನ ಹುಡುಗ

ಇವತ್ತು ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಆರು ವರ್ಷದ್ದು ಪೂರ್ತಿ ತೆಗೆದಿದ್ದಾಳೆ, ಪಿಂಚಣಿ ಸಮೇತ. ಕೆಲಸ ಬಿಟ್ಟು ಎರಡು ತಿಂಗಳು ಆದ ಕೂಡಲೇ, 2020ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿದಳಂತೆ. ಸೆಪ್ಟೆಂಬರ್‌ನಿಂದ ಆಟೋ ಕಂತು ಕಟ್ಟಿದ್ದು ಅದರಿಂದಲೇ.

"ನನ್ನನ್ನು ಯಾಕೆ ಕೇಳಲಿಲ್ಲ" ಅಂದೆ.

"ಕೇಳೋಣ ಅಂತಲೇ ಫೋನ್ ಮಾಡಿದ್ದೆ ಕಣೋ. ನೀನು ಅವತ್ತು ಹೊಸ ಬೈಕ್ ಬುಕ್ ಮಾಡಿದ್ದು ಹೇಳಿದೆ, ಯಾವ ಕಲರ್ ತಗೊಳ್ಳಲಿ ಅಂತ ಕೇಳಿದೆ" ಅಂದಳು.